ಹಲ್ಲಿನ ಡಾಕ್ಟರೇ ಆಸಿಡ್ ಹಚ್ಚುತ್ತಾರೆ, ಹಾಗಾದರೆ ನಿಂಬೆ ಉಜ್ಜಿದರೆ ತಪ್ಪೇನು?

ನಿಂಬೆರಸಕ್ಕೆ ಉಪ್ಪು ಬೆರೆಸಿ ಉಜ್ಜಿದರೆ ಹಲ್ಲು ಬೆಳ್ಳಗಾಗುತ್ತದೆ ಎನ್ನುವ ಫಾರ್ವರ್ಡ್ ನಿಮಗೂ ಬಂದಿರಬಹುದು. ಹಾಗೆ ಮಾಡಬೇಡಿ ಎಂದರೆ, ಸಿಮೆಂಟ್ ತುಂಬುವ ಮುಂಚೆ ಡಾಕ್ಟರೂ ಆಸಿಡ್ ಹಚ್ಚುತ್ತಾರಲ್ಲ ಎಂದು ಕೆಲವರು ಕೇಳುತ್ತಾರೆ. ಹಚ್ಚುತ್ತಾರೆ, ನಿಜ. ಆ ಪದ್ಧತಿಗೆ ದಾರಿ ತೋರಿಸಿದವರು ಅಮೆರಿಕದ ದಂತವೈದ್ಯ ಮೈಕಲ್ ಬ್ಯೂನೊಕೋರ್. ಅವರ ಬದುಕನ್ನು ನೋಡಿದರೆ ಎರಡರ ವ್ಯತ್ಯಾಸ ತಿಳಿಯುತ್ತದೆ.

ಬಣ್ಣದ ಕೆಲಸದಿಂದ ಬಂದ ಉಪಾಯ

ಬ್ಯೂನೊಕೋರ್ ಹುಟ್ಟಿದ್ದು 1918ರಲ್ಲಿ. ಕೊಡಾಕ್ ಕ್ಯಾಮೆರಾದ ಜಾರ್ಜ್ ಈಸ್ಟ್‌ಮನ್ ರೋಚೆಸ್ಟರ್ ನಗರದಲ್ಲಿ ಕಟ್ಟಿಸಿದ ದಂತ ಚಿಕಿತ್ಸಾಲಯದಲ್ಲಿ ಅವರು ಸಂಶೋಧನೆ ಮಾಡಿದರು. ಆಗ ಹಲ್ಲಿಗೆ ತುಂಬಿದ್ದು ಅಂಟುತ್ತಿರಲಿಲ್ಲ. ಅದು ಬೀಳದಂತೆ ಹಲ್ಲನ್ನೇ ಹೆಚ್ಚು ಕೊರೆಯಬೇಕಿತ್ತು.

ಕಾರ್ಖಾನೆಗಳಲ್ಲಿ ಬಣ್ಣ ಹಿಡಿಯಲೆಂದು ಲೋಹಕ್ಕೆ ಫಾಸ್ಫಾರಿಕ್ ಆಸಿಡ್ ಹಚ್ಚುವುದನ್ನು ಅವರು ಬಲ್ಲವರಾಗಿದ್ದರು. ಅದನ್ನೇ ಹಲ್ಲಿನ ಹೊರಕವಚವಾದ ಎನಾಮೆಲ್ ಮೇಲೆ ಪ್ರಯೋಗಿಸಿದರು. 85% ಆಸಿಡ್ ಅನ್ನು 30 ಸೆಕೆಂಡ್ ಹಚ್ಚಿ ತೊಳೆದಾಗ ಮೇಲ್ಮೈ ತರಿತರಿಯಾಗಿ, ರಾಳ ಗಟ್ಟಿಯಾಗಿ ಹಿಡಿಯಿತು. 1955ರಲ್ಲಿ ಈ ಫಲಿತಾಂಶ ಪ್ರಕಟವಾಯಿತು.

ಒಳಪದರದಲ್ಲಿ ನೀರಿನ ಕಾಟ

ಎನಾಮೆಲ್ ಒಳಗಿರುವ ಡೆಂಟಿನ್ ಬೇರೆ ಥರದ್ದು. ಅನಗವಾಡಿ, ಮುಧೋಳ, ಜಮಖಂಡಿ ಕಡೆಯವರಿಗೆ ಕಬ್ಬಿನ ಉದಾಹರಣೆ ಸಾಕು. ಕಬ್ಬನ್ನು ಅಡ್ಡ ಕತ್ತರಿಸಿದರೆ ಚುಕ್ಕೆ ಚುಕ್ಕೆಯಾಗಿ ಕಾಣುವುದು ನೀರು, ರಸ ಸಾಗಿಸುವ ನಾಳಗಳ ಗೊಂಚಲು. ಡೆಂಟಿನ್‌ನಲ್ಲೂ ಹೀಗೆ ಕೊಳವೆಗಳಿವೆ, ಆದರೆ ಕಣ್ಣಿಗೆ ಕಾಣದಷ್ಟು ಸಣ್ಣವು. ಒಂದು ಚದರ ಮಿಲಿಮೀಟರಿನಲ್ಲಿ ಹತ್ತಾರು ಸಾವಿರ. ಅವುಗಳಲ್ಲಿ ದ್ರವ ತುಂಬಿರುತ್ತದೆ. ತಣ್ಣೀರು, ಗಾಳಿ, ಸಿಹಿ ತಗುಲಿದಾಗ ಆ ದ್ರವ ಸರಿದು ಒಳಗಿನ ನರವನ್ನು ಕೆಣಕುತ್ತದೆ. ಹಲ್ಲು ಜುಮ್ ಎನ್ನುವುದು ಇದರಿಂದಲೇ.

1956ರಲ್ಲಿ ಬ್ಯೂನೊಕೋರ್ ಮತ್ತು ಸಂಗಡಿಗರು ಡೆಂಟಿನ್‌ಗೂ ರಾಳ ಅಂಟಿಸಲು ನೋಡಿದರು. ನೀರು ತಾಗಿದಾಗ ಹಿಡಿತ ಸಡಿಲವಾಯಿತು. ಒದ್ದೆ ಗೋಡೆಗೆ ಬಣ್ಣ ನಿಲ್ಲದ ಹಾಗೆ! ಆದರೆ ಅವರ ಶ್ರಮ ನಿಲ್ಲಲಿಲ್ಲ. 1967ರ ಹೊತ್ತಿಗೆ ದವಡೆ ಹಲ್ಲಿನ ಸಂದುಗಳನ್ನು ಮುಚ್ಚಿ ಹುಳುಕು ತಡೆಯುವ ಸೀಲೆಂಟ್ ವರದಿ ಮಾಡಿದರು. 1981ರಲ್ಲಿ ತೀರಿಕೊಂಡರು. ಮರುವರ್ಷ, ರಾಳವು ಡೆಂಟಿನ್‌ನ ನಾರಿನೊಳಗೆ ಇಳಿದು ಹೆಣೆದುಕೊಳ್ಳುವ ಪದರವನ್ನು ಜಪಾನಿನ ನಕಬಯಾಶಿ ವಿವರಿಸಿದರು. ಇಂದಿನ ಬಾಂಡಿಂಗ್‌ಗೆ ಅದೇ ಆಧಾರ.

ಈಗಿನ ಅಂಟು ಪೂರ್ತಿ ಮುಚ್ಚುತ್ತದೆಯೇ?

ದ್ರವದ ಓಡಾಟವನ್ನು ಬಹಳಷ್ಟು ತಗ್ಗಿಸುತ್ತದೆ, ಆದರೆ ಸಾಮಾನ್ಯವಾಗಿ ಸೊನ್ನೆಗೆ ಇಳಿಸುವುದಿಲ್ಲ. ಸೂಕ್ಷ್ಮ ಸಂದುಗಳಲ್ಲಿ ನೀರು ಜಿನುಗಬಹುದು. ಹಲ್ಲು ತುಂಬಿಸಿದ ಮೇಲೆ ಕೆಲವು ದಿನ ಜುಮ್ ಎನ್ನಲು ಇದೂ ಒಂದು ಕಾರಣ. ಎರಡು ಮೂರು ವಾರವಾದರೂ ನಿಲ್ಲದಿದ್ದರೆ, ಕಚ್ಚುವಾಗ ನೋವಿದ್ದರೆ ತೋರಿಸಿಕೊಳ್ಳಿ.

ನಿಂಬೆ ಏಕೆ ಬೇಡ?

ಡಾಕ್ಟರು ಆಸಿಡ್ ಹಚ್ಚುವುದು ಬೇಕಾದ ಜಾಗಕ್ಕೆ, ಕೆಲವೇ ಸೆಕೆಂಡ್. ತೊಳೆದ ತಕ್ಷಣ ಅಂಟು ಹಚ್ಚಿ ಮುಚ್ಚುತ್ತಾರೆ. ನಿಂಬೆ ಎನಾಮೆಲ್ ಕರಗಿಸುತ್ತದೆ, ವಸಡು ಸರಿದ ಕಡೆ ಕೊಳವೆಗಳ ಬಾಯಿ ತೆರೆಯುತ್ತದೆ. ಮುಚ್ಚುವವರು ಯಾರೂ ಇಲ್ಲ. ಕರಗಿದ ಎನಾಮೆಲ್ ಮತ್ತೆ ಬೆಳೆಯುವುದೂ ಇಲ್ಲ.

ಆ ಫಾರ್ವರ್ಡ್ ಮತ್ತೆ ಬಂದರೆ, ಮುಂದೆ ಕಳಿಸುವ ಬದಲು ಕಳಿಸಿದವರಿಗೆ ಇದನ್ನು ಕಳಿಸಿ ಎಂದು ನಾವು ಕೋರುತ್ತೇವೆ.