ಬ್ರದರ್ ಆಂತೋನಿಯೋ ಮೊಸ್ಕೇನಿ

ಮಂಗಳೂರಿಗೆ ಬಂದ ಪ್ರವಾಸಿಗರು ಬಾವುಟಗುಡ್ಡೆಯ ಸಂತ ಅಲೋಶಿಯಸ್ ಚಾಪೆಲನ್ನು ನೋಡದೆ ಹಿಂದಿರುಗುವುದು ವಿರಳ. ಒಳಗೆ ಕಾಲಿಟ್ಟವರ ಕತ್ತು ತಾನಾಗಿಯೇ ಮೇಲಕ್ಕೆ ತಿರುಗುತ್ತದೆ. ಗೋಡೆ, ಕಮಾನು, ಚಾವಣಿ ಎಲ್ಲೆಲ್ಲೂ ಚಿತ್ರಗಳೇ. ಆದರೆ ಇವನ್ನು ಬರೆದವರು ಯಾರೆಂದು ಕೇಳಿದರೆ, ಯಾರೋ ಇಟಲಿಯವರಂತೆ ಎಂಬ ಉತ್ತರವೇ ನನಗೆ ಹೆಚ್ಚಾಗಿ ದೊರೆತಿದೆ. ಆ ಇಟಲಿಯವರ ಜೀವನವನ್ನು ಸಂಗ್ರಹವಾಗಿ ಹೇಳುವುದೂ, ಅವರ ಕೃತಿ ನಮ್ಮ ಮಳೆಯ ಸೀಮೆಯಲ್ಲಿ ಉಳಿದುಬಂದ ಬಗೆಯನ್ನು ತಿಳಿಸುವುದೂ ಈ ಲೇಖನದ ಉದ್ದೇಶ.

ಆಂತೋನಿಯೋ ಮೊಸ್ಕೇನಿಯವರು 1854ನೆಯ ಇಸವಿ ಜನವರಿ 17ರಂದು ಉತ್ತರ ಇಟಲಿಯ ಬೆರ್ಗಾಮೋ ನಗರದ ಬಳಿಯ ಸ್ತೆತ್ಸಾನೋ ಎಂಬ ಊರಿನಲ್ಲಿ ಹುಟ್ಟಿದರು. ಚಿತ್ರಕಲೆಯಲ್ಲಿ ಅವರಿಗಿದ್ದ ಒಲವು ಅವರನ್ನು ಬೆರ್ಗಾಮೋದ ಕರ್ರಾರಾ ಕಲಾಶಾಲೆಗೆ ಕರೆದೊಯ್ದಿತು. ಅಲ್ಲಿ ಎನ್ರಿಕೋ ಸ್ಕೂರಿ ಎಂಬ ಚಿತ್ರಕಾರರು ಅವರ ಗುರುಗಳು. ಮುಂದೆ ರೋಮಿಗೆ ಹೋಗಿ ವ್ಯಾಟಿಕನ್ನಿನ ಮಹಾಕೃತಿಗಳ ಮುಂದೆ ನಿಂತು ಅಭ್ಯಾಸ ಮಾಡಿದರು. ಊರಿಗೆ ಮರಳಿ ಸುತ್ತಲಿನ ಇಗರ್ಜಿಗಳ ಗೋಡೆಗಳಲ್ಲಿ ಚಿತ್ರ ಬರೆಯತೊಡಗಿದರು. ಹೀಗೆ ಕೈಯಲ್ಲಿ ಕೆಲಸ ನೆಲೆಗೊಂಡಿದ್ದಾಗಲೇ, 1889ರಲ್ಲಿ, ತಮ್ಮ 35ನೆಯ ವಯಸ್ಸಿನಲ್ಲಿ ಅವರು ಯೇಸುಸಭೆಯನ್ನು ಸೇರಿದರು. ಪಾದ್ರಿಯಾಗಿ ಅಲ್ಲ, ಬ್ರದರ್ ಆಗಿ. ಪೂಜೆ ಸಲ್ಲಿಸುವ ಅಧಿಕಾರವಾಗಲಿ ಪ್ರವಚನ ಪೀಠವಾಗಲಿ ಬ್ರದರಿಗೆ ಇಲ್ಲ. ಹೇಳಿದ ಕೆಲಸವನ್ನು ಮಾಡುವುದು ಅವನ ಧರ್ಮ. ಕೆಲವರಿಗೆ ಅಡಿಗೆ, ಕೆಲವರಿಗೆ ಬಡಗಿಯ ಕೆಲಸ. ಮೊಸ್ಕೇನಿಯವರಿಗೆ ಮಾತ್ರ ಸಭೆಯು ಅವರ ಕುಂಚವನ್ನೇ ಕೊಟ್ಟಿತು. ಇಟಲಿಯ ಹಲವು ಊರುಗಳಲ್ಲಿ ಅವರು ಸಭೆಗಾಗಿ ಚಿತ್ರ ಬರೆದರು.

ಇತ್ತ ಮಂಗಳೂರಿಗೆ ಯೇಸುಸಭೆಯವರು 1878ರ ಕೊನೆಯಲ್ಲಿ ಬಂದಿದ್ದರು. 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ಆರಂಭವಾಯಿತು. ಕೆಲವೇ ವರ್ಷಗಳಲ್ಲಿ ಗುಡ್ಡದ ಮೇಲೆ ಚಾಪೆಲ್ ಎದ್ದಿತು. ಗೋಡೆಗಳು ಬರಿದಾಗಿದ್ದವು. ಆ ಬರಿಗೋಡೆಗಳನ್ನು ತುಂಬುವ ಕೆಲಸ ಮೊಸ್ಕೇನಿಯವರ ಪಾಲಿಗೆ ಬಂತು. 1899ರಿಂದ 1901ರವರೆಗೆ, ಸುಮಾರು ಎರಡೂವರೆ ವರ್ಷಗಳಲ್ಲಿ, ಅವರು ಅದನ್ನು ಮುಗಿಸಿದರು. ಚಾವಣಿಯಲ್ಲಿ ಕಾಣುವುದು ಅಲೋಶಿಯಸ್ ಗೊನ್ಸಾಗನ ಬಾಳು. ಹಿರಿಯ ಮಗನಾಗಿ ತನಗೆ ಬರಬೇಕಾಗಿದ್ದ ದೊರೆತನವನ್ನು ತಮ್ಮನಿಗೆ ಬಿಟ್ಟುಕೊಟ್ಟು, ರೋಮಿನಲ್ಲಿ ವ್ಯಾಧಿಪೀಡಿತರ ಸೇವೆ ಮಾಡುತ್ತ 1591ರಲ್ಲಿ 23ನೆಯ ವಯಸ್ಸಿಗೇ ತೀರಿಕೊಂಡ ಯುವಕ ಆತ. ಇದ್ದುದನ್ನು ಬಿಟ್ಟು ಬಂದವನ ಕಥೆಯನ್ನು ಅಂಥದೇ ಇನ್ನೊಬ್ಬರು ಬರೆದರೆಂಬುದು ಆ ಚಾವಣಿಯ ಕೆಳಗೆ ನಿಂತಾಗಲೆಲ್ಲ ನನ್ನ ಮನಸ್ಸಿಗೆ ಬರುತ್ತದೆ.

ಚಾಪೆಲಿನಲ್ಲಿ ಎರಡು ಬಗೆಯ ಕೆಲಸವಿದೆ. ಒಂದು, ಕ್ಯಾನ್ವಾಸಿನ ಮೇಲೆ ಎಣ್ಣೆಬಣ್ಣದ್ದು. ಇನ್ನೊಂದು, ಗೋಡೆಯ ಗಾರೆಯ ಮೇಲೆಯೇ ಬರೆದ ಭಿತ್ತಿಚಿತ್ರ. ಇಟಲಿಯವರು ಇದಕ್ಕೆ ಫ್ರೆಸ್ಕೊ ಎನ್ನುತ್ತಾರೆ. ಹಸಿ ಎಂದು ಅರ್ಥ. ಈ ವಿದ್ಯೆಯನ್ನು ಸ್ವಲ್ಪ ವಿವರಿಸದೆ ಮೊಸ್ಕೇನಿಯವರ ಶ್ರಮ ತಿಳಿಯುವಂತಿಲ್ಲ. ಗೋಡೆಗೆ ಸುಣ್ಣ ಮರಳಿನ ಒರಟು ಪದರವನ್ನು ಮೊದಲು ಮೆತ್ತಬೇಕು. ಅದರ ಮೇಲೆ ನುಣುಪಾದ ತೆಳು ಗಾರೆಯನ್ನು, ಆ ದಿನ ಬರೆಯಬಹುದಾದಷ್ಟು ಜಾಗಕ್ಕೆ ಮಾತ್ರ ಬಳಿಯಬೇಕು. ಅದು ಹಸಿಯಾಗಿರುವಾಗಲೇ ನೀರಿನಲ್ಲಿ ಅರೆದ ಬಣ್ಣಗಳನ್ನು ಇಡಬೇಕು, ಅಂಟು ಬೇಡ. ಸುಣ್ಣವು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿ ಮತ್ತೆ ಕಲ್ಲಾಗುವಾಗ ಬಣ್ಣವನ್ನು ತನ್ನೊಳಗೆ ಹಿಡಿದುಕೊಳ್ಳುತ್ತದೆ. ಆಮೇಲೆ ಬಣ್ಣ ಬೇರೆಯಲ್ಲ, ಗೋಡೆ ಬೇರೆಯಲ್ಲ. ಗೆರೆ ತಪ್ಪಿದರೆ ಒರೆಸಿ ತಿದ್ದುವಂತಿಲ್ಲ. ಗಾರೆಯನ್ನೇ ಕೆತ್ತಿ ತೆಗೆದು ಮರುದಿನ ಹೊಸದಾಗಿ ಮೆತ್ತಬೇಕು. ಇಂಥ ಕೆಲಸವನ್ನು ಅಟ್ಟಣಿಗೆಯ ಮೇಲೆ ನಿಂತು, ಕರಾವಳಿಯ ಸೆಕೆಯಲ್ಲಿ, 45 ದಾಟಿದ ವಯಸ್ಸಿನಲ್ಲಿ ಮಾಡಿದರು ಎಂದರೆ ಸಾಮಾನ್ಯವೇ?

ಹಸಿಗಾರೆಯ ಬೆಲೆ ಏನೆಂಬುದಕ್ಕೆ ಲಿಯೊನಾರ್ಡೊ ಡ ವಿಂಚಿಯ ಕಡೆಯ ಭೋಜನದ ಚಿತ್ರವೇ ನಿದರ್ಶನ. ಮಿಲಾನಿನಲ್ಲಿ 1495ರ ಸುಮಾರಿಗೆ ಆರಂಭಿಸಿದ ಆ ಚಿತ್ರವನ್ನು ಆತ ಅವಸರವಿಲ್ಲದೆ ತಿದ್ದಿ ತಿದ್ದಿ ಬರೆಯಬೇಕೆಂದು ಒಣಗಿದ ಗೋಡೆಯ ಮೇಲೆ ಬರೆದ. ಆತ ಬದುಕಿದ್ದಾಗಲೇ ಬಣ್ಣ ಉದುರತೊಡಗಿತು. ಮುಂದಿನ ಶತಮಾನಗಳಲ್ಲಿ ದುರಸ್ತಿ ಮಾಡಿದವರು ತಮ್ಮ ಬಣ್ಣವನ್ನು ಮೇಲೆ ಮೇಲೆ ಬಳಿದರು. ಅದನ್ನೆಲ್ಲ ಕಳಚಿ ಉಳಿದಷ್ಟನ್ನು ಕಾಪಾಡಲು 1978ರಿಂದ 1999ರವರೆಗೆ ಹಿಡಿಯಿತು.

ಮೊಸ್ಕೇನಿಯವರ ಕುಂಚ ಬಾವುಟಗುಡ್ಡೆಯಲ್ಲಿಯೇ ನಿಲ್ಲಲಿಲ್ಲ. ಜೆಪ್ಪುವಿನ ಸಂತ ಜೋಸೆಫರ ಸೆಮಿನರಿಯಲ್ಲಿಯೂ ಅವರು ಚಿತ್ರ ಬರೆದರು. ಬಳಿಕ ಕೊಚ್ಚಿಯ ಸಾಂತಾಕ್ರೂಜ್ ಇಗರ್ಜಿಯ ಒಳಾಲಂಕಾರಕ್ಕೆ ಹೋದರು. ಮಂಗಳೂರಿನವರೇ ಆದ ಡಿ'ಗಾಮಾ ಎಂಬ ಶಿಷ್ಯರು ಅಲ್ಲಿ ಅವರಿಗೆ ನೆರವಾದರು. ಲಿಯೊನಾರ್ಡೊನನ್ನು ಅನುಸರಿಸಿ ಬರೆದ ಕಡೆಯ ಭೋಜನದ ಚಿತ್ರ ಆ ಇಗರ್ಜಿಯಲ್ಲಿದೆ. ಕೆಲಸ ಮುಗಿಯಿತು, ಅಭಿಷೇಕಕ್ಕೆ ದಿನ ಗೊತ್ತಾಯಿತು: 1905ರ ನವೆಂಬರ್ 19. ಮೊಸ್ಕೇನಿಯವರು ಅದನ್ನು ಕಾಣಲಿಲ್ಲ. ನಾಲ್ಕು ದಿನ ಮುಂಚೆ, ನವೆಂಬರ್ 15ರಂದು, ಕೊಚ್ಚಿಯಲ್ಲಿಯೇ ತೀರಿಕೊಂಡರು. ಅವರಿಗೆ ಆಗ 51 ವರ್ಷ.

ಚಿತ್ರಕಾರ ಹೋದ ಮೇಲೆ ಚಿತ್ರವನ್ನು ಕಾಯಬೇಕಾದವರು ನಾವು. ಮಂಗಳೂರಿನಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಸಮುದ್ರದ ಉಪ್ಪುಗಾಳಿ ಬೇರೆ. ಗೋಡೆಯೊಳಗೆ ಇಳಿದ ನೀರು ಬೇಸಗೆಯಲ್ಲಿ ಆರುವಾಗ ಉಪ್ಪನ್ನು ಹೊರಕ್ಕೆ ತರುತ್ತದೆ. ಆ ಉಪ್ಪು ಹರಳುಗಟ್ಟಿ ಗಾರೆಯನ್ನು ಒಳಗಿನಿಂದ ಒಡೆಯುತ್ತದೆ. ಕ್ಯಾನ್ವಾಸಿಗಾದರೋ ಬೂಷ್ಟಿನ ಕಾಟ. 1991ರಿಂದ 1994ರವರೆಗೆ ಇಂಟ್ಯಾಕ್ ಸಂಸ್ಥೆಯ ಲಖನೌ ಶಾಖೆಯ ತಜ್ಞರು ಚಾಪೆಲಿನ ಚಿತ್ರಗಳ ಜೀರ್ಣೋದ್ಧಾರ ಮಾಡಿದರು.

ಜೀರ್ಣೋದ್ಧಾರ ಎಂಬ ಮಾತಿಗೆ ನಮ್ಮಲ್ಲಿ ಬೇರೆಯೇ ಅರ್ಥ ಬಂದುಬಿಟ್ಟಿದೆ. ಹಳೆಯ ಗಾರೆಯ ಹೂಬಳ್ಳಿಗಳನ್ನು ಕೆರೆದು ಸಿಮೆಂಟು ಬಳಿದು, ಮಿರುಗುವ ಎಣ್ಣೆಬಣ್ಣ ಹೊಡೆದುದನ್ನು ನಾನು ಒಂದೆರಡು ಊರುಗಳಲ್ಲಿ ಕಣ್ಣಾರೆ ಕಂಡಿದ್ದೇನೆ. ಮಾಡಿದವರಲ್ಲಿ ಭಕ್ತಿಗೆ ಕೊರತೆಯಿರಲಿಲ್ಲ, ಹಣಕ್ಕೂ ಇರಲಿಲ್ಲ. ಆದರೆ ಸುಣ್ಣದ ಗಾರೆ ಉಸಿರಾಡುತ್ತದೆ, ಒಳಗಿನ ತೇವವನ್ನು ಹೊರಬಿಡುತ್ತದೆ. ಸಿಮೆಂಟು ಬಿಡುವುದಿಲ್ಲ, ತಡೆದ ತೇವ ಪಕ್ಕದ ಹಳೆಯ ಗಾರೆಯನ್ನೇ ಹುಡುಕಿಕೊಂಡು ಹೋಗುತ್ತದೆ. 1964ರ ವೆನಿಸ್ ಸನ್ನದಿನ ಪ್ರಕಾರ ಕಳೆದುಹೋದ ಭಾಗವನ್ನು ತುಂಬುವಾಗ ಅದು ಮೂಲಕ್ಕೆ ಹೊಂದಿಕೊಳ್ಳಬೇಕು, ಆದರೂ ಹೊಸದೆಂದು ಗುರುತು ಸಿಗುವಂತಿರಬೇಕು. ಮೊಸ್ಕೇನಿಯವರ ದೇವದೂತನೊಬ್ಬನ ಕೆನ್ನೆಯ ಬಣ್ಣ ಉದುರಿದ್ದರೆ ಅಲ್ಲಿ ಇನ್ನೊಬ್ಬ ಚಿತ್ರಕಾರನ ಜಾಣತನವನ್ನು ನೋಡಲು ನಾನಂತೂ ಬಯಸುವುದಿಲ್ಲ. ಉದುರಿದ ಜಾಗಕ್ಕೆ ಸುತ್ತಲಿನ ಬಣ್ಣಕ್ಕೆ ಒಪ್ಪುವ ತೆಳುವಾದ ಲೇಪ ಸಾಕು.

ಇದಕ್ಕೆಲ್ಲ ಮುಂಚೆ ಮಾಡಬೇಕಾದ ಕೆಲಸ ಬೇರೊಂದಿದೆ. ನಮ್ಮ ಜಿಲ್ಲೆಯಲ್ಲಿ ಹಂಚಿನ ಮಾಡಿನ ಹಳೆಯ ಇಗರ್ಜಿ, ದೇವಸ್ಥಾನ, ಗುತ್ತಿನ ಮನೆಗಳು ಇನ್ನೂ ಉಳಿದಿವೆ. ಮೇ ತಿಂಗಳಲ್ಲಿ ಹಂಚು ಕೈಯಾಡಿಸಿ, ಒಡೆದ ಹಂಚನ್ನು ಬದಲಾಯಿಸಿ, ಗೋಡೆಯ ಬುಡದಲ್ಲಿ ನೀರು ನಿಲ್ಲದಂತೆ ಚರಂಡಿ ಬಿಡಿಸಿದರೆ ಗಾರೆಯ ಆಯುಷ್ಯ ಎಷ್ಟೋ ವರ್ಷ ಹೆಚ್ಚುತ್ತದೆ. ಅದಕ್ಕೆ ಲಖನೌದಿಂದ ಯಾರೂ ಬರಬೇಕಾಗಿಲ್ಲ.