ಕಡಲ ವರ್ತಕ ಜಗಡು ಶ್ರೇಷ್ಠಿಯ ಆಹಾರದಾನ

ದೇಹವನ್ನು ನಾವೆಗೂ ಜೀವವನ್ನು ನಾವಿಕನಿಗೂ ಸಂಸಾರವನ್ನು ಸಮುದ್ರಕ್ಕೂ ಹೋಲಿಸುವುದು ಜೈನಾಗಮಗಳಲ್ಲಿ ಬಹು ಹಿಂದಿನಿಂದ ಬಂದ ಪರಿಪಾಠ. ಭವಸಾಗರವನ್ನು ದಾಟಲು ಕಡವು ಕಟ್ಟಿಕೊಟ್ಟವನೆಂಬ ಅರ್ಥದಲ್ಲಿಯೇ ತೀರ್ಥಂಕರನೆಂಬ ಹೆಸರು ಬಂದಿದೆ. ಈ ಹೋಲಿಕೆಯನ್ನು ಕೇಳುತ್ತ ಬೆಳೆದವರಲ್ಲಿ ನಿಜವಾದ ಕಡಲನ್ನೇ ಜೀವನೋಪಾಯವಾಗಿ ಮಾಡಿಕೊಂಡ ಶ್ರಾವಕರೂ ಇದ್ದರು. ಹದಿಮೂರನೆಯ ಶತಮಾನದಲ್ಲಿ ಕಚ್ಛದ ಭದ್ರೇಶ್ವರದಲ್ಲಿ ಬಾಳಿದ ಜಗಡು ಶ್ರೇಷ್ಠಿ ಅಂಥವರಲ್ಲಿ ಪ್ರಸಿದ್ಧನು. ಸರ್ವಾನಂದಸೂರಿಯು ಏಳು ಸರ್ಗಗಳ ‘ಜಗಡೂಚರಿತ’ವೆಂಬ ಸಂಸ್ಕೃತ ಕಾವ್ಯದಲ್ಲಿ ಆತನ ಬಾಳನ್ನು ಬಣ್ಣಿಸಿದ್ದಾನೆ.

ಜಗಡು ಶ್ರೀಮಾಲಿ ಕುಲದವನು. ತಂದೆ ಸೋಲ್ಹ, ತಾಯಿ ಶ್ರೀ; ರಾಜ ಮತ್ತು ಪದ್ಮ ಎಂಬವರು ತಮ್ಮಂದಿರು; ಯಶೋಮತಿ ಪತ್ನಿ. ತಂದೆಯ ಕಾಲಾನಂತರ ಮನೆಯ ಹೊಣೆಯೂ ವ್ಯಾಪಾರದ ಹೊಣೆಯೂ ಹಿರಿಯ ಮಗನ ಮೇಲೆ ಬಿದ್ದವು. ಭದ್ರೇಶ್ವರವು ಆಗ ನಾನಾ ದೇಶಗಳ ವರ್ತಕರು ಬಂದಿಳಿಯುವ ರೇವುಪಟ್ಟಣ. ಜಿನಾಲಯದ ಜೊತೆಗೆ ಮುಸಲ್ಮಾನ ವರ್ತಕರ ಪ್ರಾರ್ಥನಾಸ್ಥಾನವೂ ಅಲ್ಲಿತ್ತು. ಜಗಡುವಿನ ಹಡಗುಗಳು ಅಲ್ಲಿಂದ ಪಾರಸಿಕ ನಾಡಿನವರೆಗೆ ಹೋಗಿಬರುತ್ತಿದ್ದವು.

ಅಂದಿನ ಕಡಲಯಾನವೆಲ್ಲ ಗಾಳಿಯ ಅಧೀನ. ಮುಂಗಾರಿನ ತಿಂಗಳುಗಳಲ್ಲಿ ಕಡಲು ಉಕ್ಕೇರಿದಾಗ ಹಾಯಿಗಳನ್ನು ಮಡಚಿ ಹಡಗುಗಳನ್ನು ದಡಕ್ಕೆ ಸೇರಿಸಬೇಕು. ಮಳೆ ನಿಂತು ಈಶಾನ್ಯದ ಗಾಳಿ ಬೀಸತೊಡಗಿದ ಮೇಲೆಯೇ ಪಶ್ಚಿಮಕ್ಕೆ ಪಯಣ. ಮುನಿಗಳು ಚಾತುರ್ಮಾಸ್ಯಕ್ಕೆಂದು ಒಂದೆಡೆ ನೆಲೆನಿಲ್ಲುವ ಕಾಲದಲ್ಲಿಯೇ ನಾವಿಕರೂ ದಡದಲ್ಲಿ ನಿಲ್ಲುತ್ತಿದ್ದರು. ಹೊರಟ ಹಡಗಿನ ಸುದ್ದಿ ತಿಳಿಯಲು ಒಡೆಯನು ಬಹುಕಾಲ ಕಾಯಬೇಕು. ಒಂದು ಬಿರುಗಾಳಿಗೆ ಒಂದು ಮನೆತನದ ಸಿರಿಯೇ ಮುಳುಗಿಹೋಗಬಹುದು. ಸಂಪತ್ತು ಸ್ಥಿರವಲ್ಲವೆಂಬ ಮಾತನ್ನು ಬಸದಿಯಲ್ಲಿ ಕೇಳುವುದಕ್ಕೂ ದಡದಲ್ಲಿ ನಿಂತು ಹಾಯಿಗಾಗಿ ಕಣ್ಣು ನೆಡುವುದಕ್ಕೂ ವ್ಯತ್ಯಾಸವಿದೆ. ಜಗಡು ಎರಡನ್ನೂ ಅರಿತವನು.

ಒಮ್ಮೆ ಆತನ ಕಾರ್ಯಸ್ಥನಾದ ಜಯಂತಸಿಂಹನು ಸರಕು ತುಂಬಿದ ಹಡಗಿನೊಡನೆ ಆರ್ದ್ರಪುರವೆಂಬ ಪರದೇಶದ ಬಂದರಿಗೆ ಹೋದನು. ಅಲ್ಲಿ ಒಂದು ಕಲ್ಲಿನ ವಿಷಯದಲ್ಲಿ ಆತನಿಗೂ ಖಂಭಾತದ ಹಡಗಿನ ತುರುಷ್ಕ ಮುಖ್ಯಸ್ಥನಿಗೂ ಪೈಪೋಟಿ ಹುಟ್ಟಿತು. ಇಬ್ಬರೂ ಬೆಲೆಯನ್ನು ಏರಿಸುತ್ತ ಹೋದರು. ತನ್ನ ಒಡೆಯನ ಹೆಸರು ಕೆಳಗಾಗಬಾರದೆಂದು ಜಯಂತಸಿಂಹನು ಕೊನೆಗೆ ಮೂರು ಲಕ್ಷ ದೀನಾರಗಳನ್ನು ತೆತ್ತು ಆ ಕಲ್ಲನ್ನಷ್ಟೇ ಹೊತ್ತು ಮರಳಿದನು. ಜಗಡು ಆತನನ್ನು ಗದರಲಿಲ್ಲ. ತನ್ನ ಮಾನವನ್ನು ಕಾಯ್ದವನೆಂದು ಸನ್ಮಾನಿಸಿದನು. ಆ ಕಲ್ಲಿನೊಳಗೆ ರತ್ನಗಳಿದ್ದುವೆಂದು ಕಾವ್ಯವು ಮುಂದೆ ಹೇಳುತ್ತದೆ. ಆದರೆ ಸನ್ಮಾನದ ಹೊತ್ತಿಗೆ ಜಗಡುವಿಗೆ ಅದು ತಿಳಿದಿರಲಿಲ್ಲ. ಮಾನವು ನಾಲ್ಕು ಕಷಾಯಗಳಲ್ಲಿ ಒಂದೆಂದು ಬಲ್ಲವರಿಗೆ ಈ ಪ್ರಸಂಗವು ಕೊಂಚ ಇರಿಸುಮುರಿಸು ತರಬಹುದು. ತನ್ನ ಹೆಸರಿಗಾಗಿ ಅಷ್ಟು ಹಣವನ್ನು ಸುರಿಯುವುದು ಶ್ರಾವಕನಿಗೆ ತಕ್ಕುದೇ ಎಂಬ ಪ್ರಶ್ನೆ ಏಳುವುದು ಸಹಜ. ಅದಕ್ಕೆ ಉತ್ತರವು ಆತನ ಮುಂದಿನ ಬಾಳಿನಲ್ಲಿದೆ.

ಪರಮದೇವಸೂರಿ ಎಂಬ ಗುರುಗಳು ಮುಂದೆ ಮೂರು ವರ್ಷಗಳ ಘೋರ ಕ್ಷಾಮ ಬರಲಿದೆಯೆಂದು ಜಗಡುವಿಗೆ ಮೊದಲೇ ತಿಳಿಸಿದರು. ಇತರರು ಅರಿಯದ ಸಂಗತಿ ವರ್ತಕನೊಬ್ಬನಿಗೆ ತಿಳಿದರೆ ಅದೇ ಆತನ ಬಂಡವಾಳ. ಅಗ್ಗದ ದಿನಗಳಲ್ಲಿ ಕೊಂಡು, ಜನರು ಹಸಿದು ಬಾಯಿಬಿಡುವಾಗ ಮಾರಿದರೆ ಏಳು ತಲೆಮಾರಿಗೆ ಸಾಲುವ ಗಳಿಕೆ. ಜಗಡುವೂ ಧಾನ್ಯವನ್ನು ಕೊಂಡನು. ಊರೂರಿಗೆ ಆಳುಗಳನ್ನು ಕಳುಹಿಸಿ ಕಣಜಗಳನ್ನು ತುಂಬಿಸಿದನು. ಆದರೆ ಕಣಜಗಳೊಳಗೆ ತಾಮ್ರಪತ್ರಗಳನ್ನು ಇರಿಸಿ, ಆ ಧಾನ್ಯವು ಬಡವರಿಗಾಗಿ ಕೂಡಿಟ್ಟದ್ದೆಂದು ಕೆತ್ತಿಸಿದನು. ಬೆಲೆ ಏರುವ ಮೊದಲೇ, ಲೋಭವು ತಲೆಯೆತ್ತುವ ಮೊದಲೇ, ತನ್ನ ಕೈಯನ್ನು ತಾನೇ ಕಟ್ಟಿಕೊಂಡನು. ಪರಿಗ್ರಹಕ್ಕೆ ಮಿತಿ ಹಾಕಿಕೊಳ್ಳಬೇಕೆಂಬ ಗೃಹಸ್ಥನ ಅಣುವ್ರತವು ಬಯಸುವುದು ಇದನ್ನೇ.

ವಿಕ್ರಮ ಸಂವತ್ 1313ರಿಂದ 1315ರವರೆಗೆ, ಎಂದರೆ ಕ್ರಿ.ಶ. 1256ರಿಂದ 1258ರ ವೇಳೆಗೆ, ಮಳೆ ಕೈಕೊಟ್ಟಿತು. ಗುಜರಾತಿನ ಅರಸ ವೀಸಲದೇವನ ಉಗ್ರಾಣಗಳೂ ಬರಿದಾದವು. ಅರಸನು ಜಗಡುವನ್ನು ಕರೆಸಿ ಧಾನ್ಯವನ್ನು ಕೇಳಿದಾಗ, ತನ್ನದೆನ್ನುವ ಕಾಳು ಒಂದೂ ಇಲ್ಲವೆಂದು ಆತನು ಅರಿಕೆ ಮಾಡಿಕೊಂಡನು. ಕಣಜಗಳನ್ನು ತೆರೆಯಿಸಿದರೆ ತಾಮ್ರಪತ್ರಗಳೇ ಸಾಕ್ಷಿ ನುಡಿದವು. ಬಳಿಕ ಜಗಡು ಅರಸನಿಗೆ 8,000 ಮೂಡ ಧಾನ್ಯವನ್ನು ನೀಡಿದನು. ಮೂಡವೆಂಬುದು ಅಂದಿನ ಒಂದು ಅಳತೆ. ಸಿಂಧಿನ ಹಮ್ಮೀರನಿಗೆ 12,000, ದೆಹಲಿಯ ಸುಲ್ತಾನನಿಗೆ 21,000 ಮೂಡಗಳು ಸಂದವೆಂದು ಪರಂಪರೆಯು ಲೆಕ್ಕ ಕೊಡುತ್ತದೆ. ಆತನು ತೆರೆದ ದಾನಶಾಲೆಗಳು 112. ಜಪಮಾಲೆಯ 108 ಮಣಿಗಳಿಗೆ ನಾಲ್ಕನ್ನು ಕೂಡಿಸಿ ಗುಜರಾತಿನ ಜನರು ಆ ಸಂಖ್ಯೆಯನ್ನು ನೆನಪಿಟ್ಟುಕೊಂಡರು.

ಆದರೂ ದಾನಶಾಲೆಯ ಸಾಲಿನಲ್ಲಿ ನಿಲ್ಲಲಾರದವರು ಇದ್ದರು. ನಿನ್ನೆಯವರೆಗೆ ಇತರರಿಗೆ ಬಡಿಸಿದ ಮನೆತನದವರು ಇಂದು ಕೈಯೊಡ್ಡುವುದಕ್ಕಿಂತ ಬಾಗಿಲು ಮುಚ್ಚಿಕೊಂಡು ಸಾಯುವುದೇ ಲೇಸೆಂದು ಬಗೆಯುತ್ತಾರೆ. ಜಗಡು ಅವರಿಗಾಗಿ ಲಾಡುಗಳನ್ನು ಕಟ್ಟಿಸಿ, ಒಳಗೆ ಹೊನ್ನಿನ ನಾಣ್ಯವನ್ನು ಅಡಗಿಸಿ, ಇರುಳಿನಲ್ಲಿ ಹಂಚಿಸಿದನು. ಅವಕ್ಕೆ ಲಜ್ಜಾಪಿಂಡವೆಂಬ ಹೆಸರು ನಿಂತಿತು. ಒಂದು ಕಾಲಕ್ಕೆ ತನ್ನ ಮಾನಕ್ಕೆ ಮೂರು ಲಕ್ಷ ದೀನಾರದ ಬೆಲೆ ಕಟ್ಟಿದವನು, ಹಸಿದವನ ಮಾನಕ್ಕೂ ಅಷ್ಟೇ ಬೆಲೆಯುಂಟೆಂದು ಕಂಡುಕೊಂಡಿದ್ದನು. ಕಷಾಯವಾಗಿದ್ದ ಮಾನವು ಕರುಣೆಯಾಗಿ ಮಾಗಿದ್ದು ಹೀಗೆ.

ಭದ್ರೇಶ್ವರದ ಮಹಾವೀರ ಜಿನಾಲಯವನ್ನು ಜಗಡು ಜೀರ್ಣೋದ್ಧಾರಗೊಳಿಸಿದನು. ಶತ್ರುಂಜಯ ಮತ್ತು ಗಿರಿನಾರಗಳಿಗೆ ಸಂಘಯಾತ್ರೆ ಮಾಡಿದನು. ತನ್ನ ಊರಿನಲ್ಲಿ ಮಸೀದಿಯೊಂದನ್ನೂ ಕಟ್ಟಿಸಿದನು. ಆತನು ತೀರಿಕೊಂಡಾಗ ಅರಸರೂ ಶೋಕಿಸಿದರೆಂದು ಕಾವ್ಯವು ಹೇಳುತ್ತದೆ. ಭದ್ರೇಶ್ವರದ ಹಳೆಯ ವೈಭವ ಈಗಿಲ್ಲ. 2001ರ ಭೂಕಂಪದಲ್ಲಿ ಹಾನಿಗೊಂಡ ಜಿನಾಲಯವನ್ನು ಮತ್ತೆ ಕಟ್ಟಲಾಗಿದ್ದು, ಯಾತ್ರಿಕರು ಬರುತ್ತಲೇ ಇದ್ದಾರೆ.

ಆಹಾರ, ಔಷಧ, ಶಾಸ್ತ್ರ, ಅಭಯವೆಂದು ದಾನವು ನಾಲ್ಕು ಬಗೆ. ಇರುಳಿನಲ್ಲಿ ಕೊಟ್ಟ ಆ ಒಂದು ಲಾಡುವಿನಲ್ಲಿ ಆಹಾರವೂ ಇತ್ತು, ಅಭಯವೂ ಇತ್ತು. ಪಡೆದವನು ಬೆಳಗಾದ ಮೇಲೆ ನೆರೆಯವರ ನಡುವೆ ತಲೆಯೆತ್ತಿ ನಡೆಯುವಂತಿತ್ತು.