ಪ್ರಯೋಗಕ್ಕೆ ತನ್ನನ್ನೇ ಒಡ್ಡಿಕೊಂಡ ವಿಜ್ಞಾನಿ ಹಾಫ್‌ಕಿನ್

ಹೊಸದೊಂದು ಔಷಧವು ಪ್ರಯೋಗಶಾಲೆಯಿಂದ ಹೊರಟು ಜನಸಾಮಾನ್ಯರ ಮನೆಬಾಗಿಲನ್ನು ತಲುಪುವ ಹಾದಿಯಲ್ಲಿ ಕಠಿಣವಾದ ಒಂದು ಘಟ್ಟವುಂಟು. ಪ್ರಾಣಿಗಳ ಮೇಲೆ ಎಷ್ಟೇ ಪರೀಕ್ಷೆ ನಡೆದಿರಲಿ, ಕಡೆಗೆ ಯಾರಾದರೊಬ್ಬ ಮನುಷ್ಯನು ಅದನ್ನು ತನ್ನ ದೇಹಕ್ಕೆ ಮೊದಲಿಗೆ ತೆಗೆದುಕೊಳ್ಳಲೇಬೇಕು. ಆ ಮೊದಲಿಗನು ಯಾರಾಗಿರಬೇಕೆಂಬ ಪ್ರಶ್ನೆಗೆ ತಮ್ಮ ನಡೆಯಿಂದಲೇ ಉತ್ತರವಿತ್ತ ಮಹನೀಯರು ವಾಲ್ಡೆಮಾರ್ ಹಾಫ್‌ಕಿನ್.

ಅವರು 1860ರ ಮಾರ್ಚ್ 15ರಂದು ರಷ್ಯಾ ಸಾಮ್ರಾಜ್ಯಕ್ಕೆ ಸೇರಿದ್ದ ಒಡೆಸ್ಸಾ ನಗರದಲ್ಲಿ ಯೆಹೂದಿ ಮನೆತನವೊಂದರಲ್ಲಿ ಜನಿಸಿದರು. ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಪ್ರಸಿದ್ಧ ಪ್ರಾಣಿಶಾಸ್ತ್ರಜ್ಞ ಮೆಚ್ನಿಕಾಫರ ಶಿಷ್ಯರಾಗಿ ಮೇಧಾವಿಯೆನಿಸಿಕೊಂಡರೂ, ಯೆಹೂದಿಯೆಂಬ ಕಾರಣದಿಂದ ಪ್ರಾಧ್ಯಾಪಕ ಪದವಿಯ ಬಾಗಿಲು ಅವರ ಪಾಲಿಗೆ ಮುಚ್ಚಿತು. 1888ರಲ್ಲಿ ತಾಯ್ನಾಡನ್ನು ತೊರೆದು, ಜಿನೀವಾದ ಮೂಲಕ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯನ್ನು ಸೇರಿದರು. ದೊರೆತದ್ದು ಗ್ರಂಥಾಲಯ ಸಹಾಯಕನ ಕೆಲಸ. ಬಿಡುವಿನ ವೇಳೆಯಲ್ಲಿ ಕಾಲರಾ ರೋಗಾಣುಗಳನ್ನು ಅಭ್ಯಸಿಸಿ, ಆ ರೋಗಕ್ಕೊಂದು ಲಸಿಕೆಯನ್ನು ಸಿದ್ಧಪಡಿಸಿದರು. 1892ರ ಜುಲೈ 18ರಂದು ಅದನ್ನು ತಮ್ಮ ಮೈಗೇ ಚುಚ್ಚಿಕೊಂಡರು. ಜ್ವರ ಬಂದು ಇಳಿಯಿತು. ತರುವಾಯವೇ ಮೂವರು ಮಿತ್ರರು ಲಸಿಕೆಗೆ ಮುಂದಾದರು.

ಆದರೆ ಲಸಿಕೆಯಿಂದ ಅಪಾಯವಿಲ್ಲವೆಂದು ತೋರಿಸಿದ ಮಾತ್ರಕ್ಕೆ ಅದು ರೋಗವನ್ನು ತಡೆಯುವುದೆಂದು ಹೇಳಲಾಗದು. ಅದಕ್ಕೆ ಕಾಲರಾ ನೆಲೆಯೂರಿದ ನಾಡೇ ಬೇಕಾಗಿತ್ತು. 1893ರ ಮಾರ್ಚ್‌ನಲ್ಲಿ ಹಾಫ್‌ಕಿನ್ನರು ಕಲ್ಕತ್ತೆಗೆ ಬಂದರು. ಜನರು ಸೂಜಿಯನ್ನು ಕಂಡು ಅಂಜಿದರು, ಶಂಕಿಸಿದರು. ಅವರೊಡನಿದ್ದ ಭಾರತೀಯ ವೈದ್ಯರು ಜನರೆದುರಿನಲ್ಲಿಯೇ ಲಸಿಕೆ ಹಾಕಿಸಿಕೊಂಡು ಆ ಶಂಕೆಯನ್ನು ನೀಗಿಸಿದರು. 1894ರಲ್ಲಿ ಕಟ್ಟಲ್ ಬಾಗಾನ್ ಎಂಬ ಬಡಜನರ ಬಸ್ತಿಯಲ್ಲಿ ಕಾಲರಾ ಕಾಣಿಸಿಕೊಂಡಾಗ, ಸುಮಾರು 200 ನಿವಾಸಿಗಳಲ್ಲಿ 116 ಮಂದಿ ಲಸಿಕೆ ಪಡೆದರು. ಆಮೇಲೆ ರೋಗ ತಗುಲಿದ 10 ಮಂದಿಯೂ ಲಸಿಕೆ ಪಡೆಯದವರೇ ಆಗಿದ್ದರು. ಒಂದೇ ಕೆರೆಯ ನೀರು ಕುಡಿಯುವ ಎರಡು ಗುಂಪುಗಳನ್ನು ಹೀಗೆ ಹೋಲಿಸಿ ನೋಡಿದ್ದೇ ಹಾಫ್‌ಕಿನ್ನರ ಹಿರಿಮೆ.

1896ರಲ್ಲಿ ಮುಂಬಯಿಗೆ ಪ್ಲೇಗು ಅಡಿಯಿಟ್ಟಿತು. ಗ್ರಾಂಟ್ ವೈದ್ಯಕೀಯ ಕಾಲೇಜಿನ ಇಕ್ಕಟ್ಟಾದ ಕೋಣೆಯಲ್ಲಿ ಅಹರ್ನಿಶಿ ದುಡಿದು ಅವರು ಮತ್ತೊಂದು ಲಸಿಕೆಯನ್ನು ತಯಾರಿಸಿದರು. 1897ರ ಜನವರಿ 10ರಂದು, ಮುಂದೆ ಇತರರಿಗೆ ಕೊಡಬೇಕಾಗಿದ್ದುದಕ್ಕಿಂತ ಹೆಚ್ಚಿನ ಪ್ರಮಾಣವನ್ನು ತಾವೇ ಚುಚ್ಚಿಕೊಂಡು ಪರೀಕ್ಷಿಸಿದರು. ಅದೇ ತಿಂಗಳ ಕೊನೆಯಲ್ಲಿ ಬೈಕುಲ್ಲಾ ಸೆರೆಮನೆಗೆ ಪ್ಲೇಗು ಹೊಕ್ಕಾಗ ಸುಮಾರು ಅರ್ಧದಷ್ಟು ಬಂದಿಗಳು ಲಸಿಕೆಗೆ ಒಪ್ಪಿದರು. ಮುಂದಿನ ದಿನಗಳಲ್ಲಿ, ಲಸಿಕೆ ಪಡೆಯದವರಲ್ಲಿ 12 ಮಂದಿಗೆ ರೋಗ ತಗುಲಿ 6 ಮಂದಿ ತೀರಿಕೊಂಡರು. ಪಡೆದವರಲ್ಲಿ ಇಬ್ಬರಿಗೆ ರೋಗ ಬಂದರೂ ಸಾವು ಸಂಭವಿಸಲಿಲ್ಲ. 1898ರಲ್ಲಿ ಬರೋಡಾ ಸಮೀಪದ ಉಂಧೇರಾ ಗ್ರಾಮದಲ್ಲಿ ಪ್ರತಿ ಕುಟುಂಬದ ಸುಮಾರು ಅರ್ಧ ಮಂದಿಗೆ ಲಸಿಕೆ ಕೊಡಲಾಯಿತು. ಲಸಿಕೆ ಪಡೆದವರಲ್ಲಿ 3 ಮಂದಿ, ಪಡೆಯದವರಲ್ಲಿ 26 ಮಂದಿ ಪ್ಲೇಗಿಗೆ ಬಲಿಯಾದರು. ಅದೇ ವರ್ಷ ನಮ್ಮ ಹುಬ್ಬಳ್ಳಿ, ಧಾರವಾಡಗಳ ಸಹಸ್ರಾರು ಜನರೂ ಈ ಚುಚ್ಚುಮದ್ದಿಗೆ ತೋಳೊಡ್ಡಿದರು.

ಕೀರ್ತಿಯ ಬೆನ್ನಿಗೇ ಅಪವಾದವೂ ಬಂದಿತು. 1902ರ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೊವಾಲ್ ಗ್ರಾಮದಲ್ಲಿ 107 ಮಂದಿಗೆ ಲಸಿಕೆ ಹಾಕಲಾಯಿತು. ಒಂದೇ ಬುಡ್ಡಿಯಿಂದ ಲಸಿಕೆ ಪಡೆದ 19 ಮಂದಿ ಧನುರ್ವಾಯುವಿನಿಂದ ಅಸುನೀಗಿದರು. ಉಳಿದ 88 ಮಂದಿಗೆ ಆ ರೋಗ ತಗುಲಲಿಲ್ಲ. ವಿಚಾರಣಾ ಆಯೋಗವು ದೋಷವನ್ನು ಹಾಫ್‌ಕಿನ್ನರ ಪ್ರಯೋಗಶಾಲೆಯ ಮೇಲೆ ಹೊರಿಸಿತು. ಅವರು ಅಧಿಕಾರವನ್ನು ಕಳೆದುಕೊಂಡು ದೇಶ ಬಿಟ್ಟರು. ಗ್ರಾಮದಲ್ಲಿ ಬುಡ್ಡಿಯನ್ನು ತೆರೆಯುವಾಗ ಇಕ್ಕಳವು ನೆಲಕ್ಕೆ ಬಿದ್ದಿತ್ತೆಂಬ, ಅದನ್ನು ಸರಿಯಾಗಿ ಶುದ್ಧಿಗೊಳಿಸದೆ ಬಳಸಲಾಗಿತ್ತೆಂಬ ಸಂಗತಿಗೆ ಸಲ್ಲಬೇಕಾದ ಗಮನ ಸಲ್ಲಲಿಲ್ಲ. 1907ರಲ್ಲಿ ರೊನಾಲ್ಡ್ ರಾಸ್ ಮೊದಲಾದ 10 ಮಂದಿ ವಿಜ್ಞಾನಿಗಳು ಲಂಡನ್ನಿನ ಟೈಮ್ಸ್ ಪತ್ರಿಕೆಯಲ್ಲಿ ಅವರ ಪರವಾಗಿ ಬರೆದ ಮೇಲೆ ಕಳಂಕವು ತೊಲಗಿತು. ಹಾಫ್‌ಕಿನ್ನರು ಕಲ್ಕತ್ತೆಗೆ ಮರಳಿದರು. ಆದರೆ ಹಿಂದಿನಂತೆ ಜನರ ನಡುವೆ ಪ್ರಯೋಗ ನಡೆಸುವ ಅವಕಾಶ ಅವರಿಗೆ ಮತ್ತೆ ದೊರೆಯಲಿಲ್ಲ. ಮುಂಬಯಿಯ ಪರೇಲಿನಲ್ಲಿದ್ದ ಅವರ ಪ್ರಯೋಗಶಾಲೆಗೆ 1925ರಲ್ಲಿ ಹಾಫ್‌ಕಿನ್ ಸಂಸ್ಥೆಯೆಂಬ ಹೆಸರಾಯಿತು. ಬ್ರಹ್ಮಚಾರಿಯಾಗಿಯೇ ಬಾಳಿದ ಅವರು 1930ರ ಅಕ್ಟೋಬರ್ 26ರಂದು ಸ್ವಿಟ್ಜರ್ಲೆಂಡಿನ ಲೋಸಾನ್ ನಗರದಲ್ಲಿ ಕಾಲವಾದರು.

ಇಂದಿನ ದೃಷ್ಟಿಯಿಂದ ನೋಡಿದರೆ ಅಂದಿನ ಪ್ರಯೋಗಗಳಲ್ಲಿ ಕೊರತೆಗಳೂ ಉಂಟು. ಸೆರೆಯಲ್ಲಿರುವವನ ಒಪ್ಪಿಗೆ ಎಷ್ಟರಮಟ್ಟಿಗೆ ಸ್ವತಂತ್ರವಾದುದು? ಕೇಡು ಸಂಭವಿಸಿದರೆ ಅವನ ಮನೆಯವರಿಗೆ ಆಸರೆ ಯಾರು? ಭಾರತದಲ್ಲಿ 2019ರಲ್ಲಿ ಜಾರಿಗೆ ಬಂದ ನಿಯಮಗಳು, ಪ್ರಯೋಗಕ್ಕೆ ಮುನ್ನ ನೈತಿಕ ಸಮಿತಿಯ ಅನುಮತಿ, ತಿಳಿವಳಿಕೆಯಿಂದ ಕೂಡಿದ ಲಿಖಿತ ಸಮ್ಮತಿ, ಹಾನಿಯಾದಲ್ಲಿ ಚಿಕಿತ್ಸೆ ಮತ್ತು ಪರಿಹಾರ ಇವುಗಳನ್ನು ಕಡ್ಡಾಯಗೊಳಿಸಿವೆ. ಮುಲ್ಕೊವಾಲಿನಂತಹ ದುರಂತಗಳು ಕಲಿಸಿದ ಪಾಠವೂ ಇದೇ ಆಗಿದೆ.

ಹಾಫ್‌ಕಿನ್ನರ ಹೆಸರು ಸಂಸ್ಥೆಯೊಂದರ ದ್ವಾರದ ಮೇಲೆ ಉಳಿದಿದೆ. ಬಸ್ತಿಯ ಆ 116 ಮಂದಿಯ, ಬೈಕುಲ್ಲಾದ ಬಂದಿಗಳ, ಮುಲ್ಕೊವಾಲಿನ 19 ಮಂದಿಯ ಹೆಸರುಗಳನ್ನು ನೆನೆಯುವವರಿಲ್ಲ. ಶಿಶುವಿನ ತೋಳಿಗೆ ತಾಯಿಯು ಇಂದು ನಿಶ್ಚಿಂತೆಯಿಂದ ಲಸಿಕೆ ಹಾಕಿಸುವಾಗ, ಅದರ ಹಿಂದೆ ಇಂತಹ ಅನಾಮಿಕರ ಧೈರ್ಯವಿದೆ. ಅವರು ಇಟ್ಟ ವಿಶ್ವಾಸಕ್ಕೆ ಯೋಗ್ಯರಾಗಿ ನಡೆದುಕೊಳ್ಳುವುದು ವೈದ್ಯವಿಜ್ಞಾನದ ಮೇಲಿರುವ ತೀರದ ಋಣ. ತನ್ನ ಮೈಗೆ ಒಲ್ಲದುದನ್ನು ಪರರ ಮೈಗೆ ಒಡ್ಡದ ಹಾಫ್‌ಕಿನ್ನರ ಬಾಳು ಆ ಋಣವನ್ನು ಸಲ್ಲಿಸುವ ಬಗೆಯನ್ನು ತೋರಿಕೊಟ್ಟಿದೆ.